ಐದನೆಯ ಬಾಗಿಲ ಬೀಗದಕೈ

ಜನಗಣತಿಯ ದಿನ ನಾನು ಬೆಟ್ಟ ಹತ್ತಿದ್ದು ಸುಳ್ಳು ಹೇಳಲಿಕ್ಕೆ. ಅದನ್ನು ಮುಚ್ಚಿಡುವ ಮನುಷ್ಯ ನಾನಲ್ಲ.

ನಮ್ಮ ಮಾವ್ರೊಲಿಥಿ ಅಂದರೆ ಎರಡು ಊರು. ಕೆಳಗಿನದರಲ್ಲಿ ಎಪ್ಪತ್ತು ಜನ, ಒಂದು ಕಾಫಿ ಅಂಗಡಿ, ಅಧ್ಯಕ್ಷನಾದ ನನ್ನ ಕಚೇರಿ. ಕಂದರ ದಾಟಿ ಎಂಟು ತಿರುವು ಹತ್ತಿದರೆ ಮೇಲೂರು: ಹನ್ನೊಂದು ಕಲ್ಲಿನ ಮನೆ, ಒಂದು ಸ್ಮಶಾನ. ಅಲ್ಲಿ ಕೊನೆಗೆ ಉಳಿದಿದ್ದವನು ನನ್ನ ಅಣ್ಣ ಅರ್ಗಿರಿಸ್. ಜನವರಿಯಲ್ಲಿ ಅವನೂ ಸತ್ತ. ಗಣತಿಯಲ್ಲಿ ಸೊನ್ನೆ ಬಿದ್ದರೆ ಮೇಲೂರಿನ ಹೆಸರೇ ಸರ್ಕಾರದ ಪಟ್ಟಿಯಿಂದ ಅಳಿಸಿಹೋಗುತ್ತದೆ.

ಮೇಕೆ ಮೇಯಿಸುವ ಗಡಿಗಾಗಿ ಜಗಳವಾಡಿ ನಾವು ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ದೊಡ್ಡ ಹಿಮ ಬಿದ್ದಾಗ ಅವನೇ ಫೋನ್ ಮಾಡಿದ. "ಎದೆ ನೋಯ್ತಿದೆ ಕಣೋ, ಹಿಮ ತೆಗೆಯೋ ಗಾಡಿ ಕಳ್ಸು." ಗಾಡಿ ಮೊದಲು ಎಲ್ಲಿಗೆ ಹೋಗಬೇಕೆಂದು ಹೇಳುವವನು ನಾನು. "ಸರದಿ ಬರ್ಲಿ" ಎಂದೆ. ಸರದಿ ಬಂದದ್ದು ಮೂರನೆಯ ದಿನ; ಅಷ್ಟರಲ್ಲಿ ಅವನು ಸತ್ತಿದ್ದ. ಅವನ ಮನೆಗೆ ಬೀಗ ಹಾಕಿ, ಬೀಗದಕೈಯನ್ನು ಅವನ ಕೋಟಿನ ಜೇಬಿನಲ್ಲೇ ಇಟ್ಟು ಅವನನ್ನು ಹೂತೆ. ಊರಿನ ಹೆಸರನ್ನಾದರೂ ಉಳಿಸಬೇಕಿತ್ತು.

ನಮ್ಮಲ್ಲಿ ಬಾಗಿಲ ಹೊರಗೆ ಬೀಗದಕೈ ಚುಚ್ಚಿಕೊಂಡಿದ್ದರೆ ಒಳಗೆ ಜನ ಇದ್ದಾರೆಂದು ಲೆಕ್ಕ. ಉಳಿದ ಮನೆಗಳ ಬೀಗದಕೈಗಳು ನನ್ನ ಬಳಿಯಿದ್ದವು. ಬೆಳಿಗ್ಗೆಯೇ ಹೋಗಿ ನಾಲ್ಕು ಬಾಗಿಲಿಗೆ ಚುಚ್ಚಿಟ್ಟೆ.

ಎಣಿಸಲು ಬಂದವಳು ಪಕ್ಕದ ಕಣಿವೆಯ ಪೊಲಿಕ್ಸೆನಿ. ನಾಲ್ಕೂ ಮನೆ ಹೊಕ್ಕು ಹೊರಬಂದಳು.

"ಜನ ಎಲ್ಲಿ, ಅಧ್ಯಕ್ಷ್ರೇ?"

"ಮೇಕೆ ಹಿಂದೆ ಹೋಗಿದಾರೆ."

"ನಾಲ್ಕೂ ಮನೆಯೋರಾ? ಒಲೇಲಿ ಜೇಡ ಸಂಸಾರ ಹೂಡಿದೆ. ಅದನ್ನೂ ಎಣಿಸ್ಲಾ?"

"ಬರ್ಕೊಳಮ್ಮ ಸುಮ್ನೆ! ನಿಮ್ಮಪ್ಪನ ಗಂಟೇನು ಹೋಗುತ್ತೆ?"

"ಕೂಗಾಡ್ಬೇಡಿ. ನಾನೂ ಹಳ್ಳಿಯೋಳೇ, ಈ ಬೀಗದಕೈ ಆಟ ನಂಗೂ ಗೊತ್ತು. ಸೊನ್ನೆ ಬರೀತೀನಿ."

ಸ್ಮಶಾನದ ತಿರುವಿನವರೆಗೆ ಬಿರಬಿರನೆ ನಡೆದವಳು ಅಲ್ಲೇ ನಿಂತಳು.

"ಈ ಐದನೇದು ಯಾರ ಮನೆ?"

ಅದು ಅರ್ಗಿರಿಸ್‌ನ ಬಾಗಿಲು. ಬೀಗದಕೈ ಚುಚ್ಚಿತ್ತು. ನಮ್ಮಮ್ಮ ಕಟ್ಟಿದ್ದ ಕೆಂಪು ದಾರ ಅದಕ್ಕೆ ಇನ್ನೂ ಹಾಗೇ ಇತ್ತು, ಮಣ್ಣು ಮೆತ್ತಿ ಒದ್ದೆಯಾಗಿ. ಮುಟ್ಟಿದೆ. ಮೇ ತಿಂಗಳ ಬಿಸಿಲಲ್ಲೂ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಗೋಡೆಯಾಚೆ ಅವನ ಗೋರಿ ಕಾಣುತ್ತಿತ್ತು. ಮೇಲಿನ ಒಂದು ಹುಲ್ಲೂ ಅಲುಗಿರಲಿಲ್ಲ.

"ಇದೂ ನಿಮ್ದೇ ಕೆಲ್ಸ ತಾನೆ?" ಅವಳ ದನಿ ಇಳಿದಿತ್ತು.

"ಅಲ್ಲ."

ಆ ಬೆಳಿಗ್ಗೆ ನಾನಾಡಿದ ಮೊದಲ ನಿಜ ಅದು. ಅವಳು ನಂಬಿದಳು. ಒಳಗೆ ಯಾರೋ ಕುರ್ಚಿ ಎಳೆದು ಕೂತು ಕೆಮ್ಮಿದರು. ಆ ಕೆಮ್ಮನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

"ಒಳಗಿರೋರ ಹೆಸ್ರು?" ಪೊಲಿಕ್ಸೆನಿ ಪೆನ್ನು ತೆಗೆದಳು.

ಅಣ್ಣನ ಹೆಸರು ಹೇಗೆ ಹೇಳಲಿ? ಅವನ ಮರಣಪತ್ರಕ್ಕೆ ಸಹಿ ಹಾಕಿದವನೇ ನಾನು.

"ಪ್ರಕೋಪಿಸ್ ಅಂತ ಬರಿ," ಎಂದೆ. "ನನ್ನ ಹೆಸ್ರು. ಇವತ್ತಿಂದ ಇಲ್ಲೇ ಇರ್ತೀನಿ."

ಒಂದು ಎಂದು ಬರೆದುಕೊಂಡು ಅವಳು ತಿರುಗಿ ನೋಡದೆ ಇಳಿದುಹೋದಳು.

ಮೇಲೂರಿನ ಹೆಸರು ಪಟ್ಟಿಯಲ್ಲಿ ಉಳಿಯಿತು. ಆಡಿದ ಮಾತಿಗೆ ಕಟ್ಟುಬಿದ್ದು ನಾನು ಇಲ್ಲೇ ಉಳಿದೆ. ಅಧ್ಯಕ್ಷಗಿರಿ ಬೇರೊಬ್ಬನಿಗೆ ಹೋಯಿತು. ಮನೆಯೊಳಗೆ ಯಾರೂ ಕಾಣುವುದಿಲ್ಲ, ಕುರ್ಚಿ ಮಾತ್ರ ದಿನವೂ ಜಾಗ ಬದಲಿಸುತ್ತದೆ. ಈಗ ಮತ್ತೆ ಜನವರಿ. ಇವತ್ತು ಮಧ್ಯಾಹ್ನ ಹಿಮ ಕಿಟಕಿಯವರೆಗೆ ಏರಿತು. ಕೆಳಗೆ ಫೋನ್ ಮಾಡಿ ಗಾಡಿ ಕಳಿಸಲು ಹೇಳಿದೆ.

"ಸರದಿ ಬರ್ಲಿ," ಎಂದ ಹೊಸ ಅಧ್ಯಕ್ಷ.

ಫೋನ್ ಕೆಳಗಿಡುವಷ್ಟರಲ್ಲಿ, ಬಾಗಿಲ ಹೊರಗೆ ಬೀಗದಕೈ ತಿರುಗಿ ಬೀಗ ಬಿತ್ತು.