ಹನ್ನೊಂದನೇ ಕಂಬದ ನೀರು

ಅಂಗಾಲು ಸುಡುವ ಮರಳಿನ ಆ ದ್ವೀಪದಲ್ಲಿ, ಬಂದವರೆಲ್ಲ ಮೈಮೇಲಿನ ಬಟ್ಟೆಯನ್ನು ಒಂದೊಂದಾಗಿ ಕಡಿಮೆ ಮಾಡಿಕೊಳ್ಳುತ್ತಿದ್ದ ಹವೆಯಲ್ಲಿ, ವರ್ಷದ ಮುನ್ನೂರ ಅರವತ್ತೈದು ದಿನವೂ ಕತ್ತಿನವರೆಗೆ ಗುಂಡಿ ಹಾಕಿದ ಕಡುನೀಲಿ ಉಣ್ಣೆಯ ಕೋಟು ತೊಟ್ಟಿರುತ್ತಿದ್ದ ಏಕೈಕ ಜೀವವೆಂದರೆ ಲಾಂಚು ಕಟ್ಟೆಯ ಟಿಕೇಟು ಕಿಟಕಿಯಲ್ಲಿ ಕೂರುತ್ತಿದ್ದ ಲೋಟದಕ್ಕ. ಅವರಿಗಿಂತ ಮುಂಚೆ ಆ ಕಿಟಕಿಯಲ್ಲಿದ್ದ ಆರಡಿ ಗುಮಾಸ್ತನ ಕೋಟು ಅದು. ತೋಳು ಬೆರಳ ತುದಿಯನ್ನು ಮುಚ್ಚುತ್ತಿತ್ತು, ಅಂಚು ಮೊಣಕಾಲಿಗೆ ಬಡಿಯುತ್ತಿತ್ತು. ಸೆಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಇಷ್ಟು ದೊಡ್ಡ ಜೇಬು ಇನ್ಯಾವ ಬಟ್ಟೆಗಿದೆ? ಬಲಜೇಬಿನಲ್ಲಿ ದಪ್ಪನೆಯ ಸ್ಟೀಲಿನ ಲೋಟವೊಂದಿತ್ತು. ಅದರ ಭಾರಕ್ಕೋ ಮೂವತ್ತು ವರ್ಷದ ರೂಢಿಗೋ ಅವರ ನಡಿಗೆ ಕೊಂಚ ಬಲಕ್ಕೆ ವಾಲಿ, ಗಟ್ಟಿ ನೆಲದ ಮೇಲೂ ತೂಗುವ ಲಾಂಚಿನಲ್ಲಿ ನಡೆದಂತೆ ಕಾಣುತ್ತಿತ್ತು.

ಸುತ್ತಲೂ ಸಮುದ್ರ, ಕುಡಿಯುವುದಕ್ಕೆ ಬಾವಿಯ ನೀರೇ ಗತಿ. ಕಟ್ಟೆಯಿಂದ ಹೊರಟ ಒಂದೇ ಬೀದಿಯಲ್ಲಿ ಹದಿನಾಲ್ಕು ದೀಪದ ಕಂಬಗಳು, ಕಂಬಕ್ಕೊಂದರಂತೆ ಊಟದ ಮನೆ, ಒಂದೊಂದಕ್ಕೂ ಹಿತ್ತಲಲ್ಲಿ ಅದರದೇ ಬಾವಿ. ಲಾಂಚಿಗೆ ರಜೆಯಿದ್ದ ಸೋಮವಾರಗಳಂದು ಲೋಟದಕ್ಕ ಆ ಬೀದಿಯುದ್ದಕ್ಕೂ ಹೋಗಿ, ಪ್ರತಿಯೊಂದು ಕಡೆಯೂ ತಮ್ಮ ಲೋಟವನ್ನು ಮೇಜಿನ ಮೇಲಿಟ್ಟು ನೀರು ಹಾಕಿಸಿಕೊಂಡು ಕುಡಿಯುತ್ತಿದ್ದರು. ಹಿಡಿಸಿದರೆ ಲೋಟ ಜೇಬಿಗೆ. ಹಿಡಿಸದಿದ್ದರೆ ಒಂದು ಮಾತೂ ಆಡದೆ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ, ಕೊನೆಯ ಹನಿ ಇಳಿಯುವವರೆಗೆ ಕಾದು, ಎದ್ದು ಹೋಗುತ್ತಿದ್ದರು. ಲಾಂಚಿನಿಂದ ಇಳಿದವರೆಲ್ಲ ಊಟ ಎಲ್ಲಿ ಮಾಡುವುದೆಂದು ಕೇಳುತ್ತಿದ್ದದ್ದು ಅವರ ಕಿಟಕಿಯಲ್ಲೇ; ಆ ವಾರ ಆ ಕಂಬಕ್ಕೆ ಅಲ್ಲಿಂದ ಒಬ್ಬ ಗಿರಾಕಿಯೂ ಹೋಗುತ್ತಿರಲಿಲ್ಲ. ನೀರಿನ ಬಗ್ಗೆ ಎಚ್ಚರವಿಲ್ಲದವರು ಮೀನಿನ ಬಗ್ಗೆ, ಎಣ್ಣೆಯ ಬಗ್ಗೆ ಎಚ್ಚರವಾಗಿರುತ್ತಾರೆಂದು ನಂಬುವುದು ಹೇಗೆ ಎಂಬುದು ಅವರ ವಾದ. ಈ ಅಧಿಕಾರವನ್ನು ಅವರಿಗೆ ಯಾವ ಕಚೇರಿಯೂ ಕೊಟ್ಟಿರಲಿಲ್ಲ. ತಾವೇ ತೆಗೆದುಕೊಂಡಿದ್ದರು, ಊರು ತೆಪ್ಪಗೆ ಒಪ್ಪಿಕೊಂಡಿತ್ತು.

ನಾನೋ, ನಾಲಿಗೆಯ ವಿಷಯದಲ್ಲಿ ನನ್ನ ಸಮ ಯಾರೂ ಇಲ್ಲವೆಂದು ಬೀಗುವವನು. ಮೊದಲ ಸಲ ಹೆಂಡತಿಯೊಂದಿಗೆ ಅಲ್ಲಿ ಇಳಿದಾಗ, ದ್ವೀಪದಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು ಎಂದು ಪತ್ರಿಕೆಯಿಂದ ಕತ್ತರಿಸಿಕೊಂಡ ಪಟ್ಟಿಯೊಂದು ನನ್ನ ಕಿಸೆಯಲ್ಲಿತ್ತು. ಅದನ್ನು ಕಿಟಕಿಯೊಳಗೆ ಚಾಚಿ, ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದೆ. ಅವರು ಪಟ್ಟಿಯನ್ನು ನೋಡಲೇ ಇಲ್ಲ.

"ಅದಿರಲಿ. ಬೆಳಿಗ್ಗೆ ಏನು ತಿಂದ್ರಿ? ಎಷ್ಟೊತ್ತಿಗೆ?"

"ಅದಿರಲಿ" ಎನ್ನದೆ ಅವರ ಮಾತು ಶುರುವಾಗುತ್ತಿರಲಿಲ್ಲ. ಎದುರಿನವರು ಹೇಳಿದ್ದನ್ನೆಲ್ಲ ಮೆತ್ತಗೆ ಪಕ್ಕಕ್ಕೆ ಸರಿಸಿ ತಮ್ಮ ಮಾತಿಗೆ ಜಾಗ ಮಾಡಿಕೊಳ್ಳುವ ರೀತಿ ಅದು. ನನ್ನ ಹೊಟ್ಟೆಯ ಸಮಾಚಾರವನ್ನು ವೈದ್ಯರಿಗಿಂತ ಕೂಲಂಕಷವಾಗಿ ವಿಚಾರಿಸಿ, ನನ್ನ ಕೈಲಿದ್ದ ಟಿಕೇಟಿನ ಬೆನ್ನಿಗೆ ಐದು ಎಂದು ಗೀಚಿಕೊಟ್ಟರು. ನನಗೆ ಮೈ ಉರಿಯಿತು. ಹೆಂಡತಿ ಮಾತ್ರ ಆಗಲೇ ಕಂಬ ಎಣಿಸುತ್ತ ಮುಂದೆ ಹೋಗಿದ್ದಳು. ಐದನೇ ಕಂಬದಲ್ಲಿ ಬಿಸಿ ಅನ್ನ, ಹುರಿದ ಮೀನು, ಕೊನೆಯಲ್ಲಿ ನಿಂಬೆಹಣ್ಣಿನ ಪಾನಕ ಸಿಕ್ಕಿದವು. ಉಂಡು ಎದ್ದಾಗ ಪಟ್ಟಿ ಎಲ್ಲಿ ಬಿತ್ತೆಂದು ನಾನು ಹುಡುಕಲಿಲ್ಲ.

ಯಾರಿಗೆ ಯಾವ ಕಂಬ ಎಂಬುದರಲ್ಲಿ ಅವರ ಪಾಂಡಿತ್ಯ ಅಗಾಧ. ಲಾಂಚಿನಲ್ಲೇ ಮುಖ ತಿರುಗಿಸಿಕೊಂಡು ಬಂದ ಹೊಸ ಗಂಡಹೆಂಡಿರನ್ನು, ಚಹಾ ಕೇಳಿದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ತರುವ ಹದಿಮೂರನೇ ಕಂಬಕ್ಕೆ ಕಳಿಸುತ್ತಿದ್ದರು. ಚಹಾ ಬರುವಷ್ಟರಲ್ಲಿ ಇಬ್ಬರೂ ಒಟ್ಟಾಗಿ ಹೋಟೆಲಿನವನನ್ನು ಬೈಯುತ್ತಿರುತ್ತಾರೆ, ಅಲ್ಲಿಗೆ ರಾಜಿಯಾದಂತೆ ಎನ್ನುತ್ತಿದ್ದರು. ಎಲ್ಲಕ್ಕಿಂತ ಉತ್ತಮವಾದದ್ದೇ ಬೇಕೆಂದು ಕಿಟಕಿ ಕುಟ್ಟಿದ ಧಡೂತಿ ಮಹಾಶಯರೊಬ್ಬರಿಗೆ, "ಅದಿರಲಿ, ನಿಮಗಿನ್ನೂ ಹಸಿವಾಗಿಲ್ಲ. ಹದಿನಾಲ್ಕನೇ ಕಂಬ ಮುಟ್ಟಿ ಬನ್ನಿ, ಆಮೇಲೆ ಹೇಳ್ತೀನಿ" ಎಂದದ್ದನ್ನು ನಾನೇ ಕೇಳಿದ್ದೇನೆ. ಆತ ಗೊಣಗುತ್ತಲೇ ಹೋಗಿ ಮುಟ್ಟಿ ಬಂದರು.

ಹನ್ನೊಂದನೇ ಕಂಬದ ಊಟದ ಮನೆ ಅವರ ಸ್ವಂತ ಅಕ್ಕನದು. ಊರಿಗೆಲ್ಲ ಆಕೆ ದೊಡ್ಡಕ್ಕ. ತಾಯಿ ತೀರಿಕೊಂಡಾಗ ಎರಡು ವರ್ಷದ ಕೂಸಾಗಿದ್ದ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಲೆ ಹಚ್ಚಿದವರು, ಆ ಬಾವಿಯ ನೀರಿನಲ್ಲಿ ಬೇಯಿಸಿ ಬಡಿಸಿ ತಂಗಿಯನ್ನು ಓದಿಸಿದವರು. ಮಧ್ಯಾಹ್ನ ಒಂದು ಗಂಟೆಗೆ ದೊಡ್ಡಕ್ಕನ ಅಡಿಗೆಮನೆಯಿಂದ ಕಿಟಕಿಗೆ ಊಟದ ಕ್ಯಾರಿಯರ್ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಅದು ಒಂದು ದಿನವೂ ತಪ್ಪಿರಲಿಲ್ಲ. ಹಾಗೆಂದು ಸೋಮವಾರದ ಪರೀಕ್ಷೆಯಿಂದ ಹನ್ನೊಂದನೇ ಕಂಬಕ್ಕೆ ವಿನಾಯಿತಿ ಇರಲಿಲ್ಲ.

ನಾವು ಮೂರನೇ ಸಲ ಹೋದದ್ದು ಶಾಲೆಗಳ ರಜೆಯಲ್ಲಿ. ಆ ಎರಡು ವಾರದ ಜನಸಂದಣಿಯ ಮೇಲೆಯೇ ಬೀದಿಯ ಊಟದ ಮನೆಗಳ ವರ್ಷದ ಜೀವನ ನಿಂತಿರುತ್ತದೆ. ಅದಕ್ಕೆಂದೇ ದೊಡ್ಡಕ್ಕ ಬಾವಿಗೆ ಹೊಸ ಪಂಪು ಹಾಕಿಸಿದ್ದರು. ಸೋಮವಾರ ಮಧ್ಯಾಹ್ನ ನಾವು ಅಲ್ಲಿ ಉಣ್ಣುತ್ತಿದ್ದಾಗ ಲೋಟದಕ್ಕ ಬಂದು ನಮ್ಮ ಮೇಜಿಗೇ ಕುಳಿತರು. ಈ ನೀರಿಗೆ ಎಂಥ ವಿಶಿಷ್ಟ ರುಚಿಯೆಂದು ನಾನು ಆಗಷ್ಟೇ ದೊಡ್ಡಕ್ಕನ ಮುಂದೆ ಹೊಗಳಿ ಎರಡನೇ ಲೋಟ ಮುಗಿಸಿದ್ದೆ. ಲೋಟದಕ್ಕ ಒಂದು ಗುಟುಕು ಕುಡಿದು ನಿಲ್ಲಿಸಿದರು. ಮತ್ತೊಂದು ಗುಟುಕು ಕುಡಿದರು. ಆ ಎರಡನೇ ಅವಕಾಶವನ್ನು ಅವರು ಬೇರೆ ಯಾವ ಕಂಬಕ್ಕೂ ಕೊಟ್ಟವರಲ್ಲ. ಆಮೇಲೆ ಲೋಟವನ್ನು ಬೋರಲು ಹಾಕಿದರು.

ಬಡಿಸುತ್ತಿದ್ದವರ ಕೈ ಹಾಗೇ ನಿಂತಿತು. ಊರವರಿಗೆಲ್ಲ ಅದರ ಅರ್ಥ ಗೊತ್ತಿತ್ತು. ದೊಡ್ಡಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ನಿನ್ನ ಸಾಕಿದ ನೀರು ಕಣೇ ಇದು."

"ಅದಿರಲಿ ಅಕ್ಕಾ. ನಾನು ಇವತ್ತಿನ ನೀರಿನ ಮಾತು ಹೇಳ್ತಿದೀನಿ. ಉಪ್ಪಾಗಿದೆ."

"ರಜೆ ಮುಗೀಲಿ, ನೋಡೋಣ. ಎರಡು ವಾರ ಸುಮ್ನಿರೋಕೆ ಆಗಲ್ವಾ ನಿಂಗೆ?"

ಲೋಟದಕ್ಕ ಕೊನೆಯ ಹನಿ ಇಳಿಯುವವರೆಗೆ ಕಾದು, ಲೋಟವೆತ್ತಿಕೊಂಡು ಹೊರಟರು. ಬಾಗಿಲಲ್ಲಿ ಆ ವಾಲಿದ ನಡಿಗೆ ಒಂದು ಕ್ಷಣ ತಡವರಿಸಿತು. ಪಂಪಿನ ಎಳೆತಕ್ಕೆ ಬಾವಿಯ ತಳದಿಂದ ಸಮುದ್ರ ಒಳಬಂದಿತ್ತು; ವಿಶಿಷ್ಟ ರುಚಿಯೆಂದು ನಾನು ಕೊಂಡಾಡಿದ್ದು ಅದನ್ನೇ.

ಮಂಗಳವಾರದಿಂದ, ಹನ್ನೊಂದನೇ ಕಂಬವನ್ನು ಹೆಸರು ಹಿಡಿದು ಕೇಳಿ ಬಂದವರಿಗೂ ಟಿಕೇಟಿನ ಬೆನ್ನಿಗೆ ಏಳು ಎಂದೇ ಬೀಳತೊಡಗಿತು. ಒಂದು ಗಂಟೆಯಾಯಿತು, ಕ್ಯಾರಿಯರ್ ಬರಲಿಲ್ಲ. ಬುಧವಾರವೂ ಬರಲಿಲ್ಲ. ಲೋಟದಕ್ಕ ಗಡಿಯಾರದ ಕಡೆ ನೋಡಿ ನೋಡಿ, ಪಕ್ಕದ ಅಂಗಡಿಯ ಬನ್ನನ್ನು ನೀರಿಗದ್ದಿಕೊಂಡು ತಿಂದರು. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. ಹೋಗಲಿ, ಹನ್ನೊಂದರ ವಿಷಯದಲ್ಲಿ ಒಳ್ಳೆಯದನ್ನೂ ಹೇಳಬೇಡಿ, ಕೆಟ್ಟದ್ದನ್ನೂ ಹೇಳಬೇಡಿ, ಬಂದವರು ಅವರ ಪಾಡಿಗೆ ಹೋಗಲಿ ಎಂದಳು.

"ಅದಿರಲಿ ತಾಯಿ. ಅವತ್ತು ಐದು ಅಂತ ಬರೆದುಕೊಟ್ಟಾಗ ಎರಡು ಮಾತಾಡದೆ ಹೋದ್ರಲ್ಲ, ಯಾಕೆ ಹೋದ್ರಿ?"

ಅಕ್ಕ ಜ್ವರದಲ್ಲಿ ಮಲಗಿದ್ದಾಗಲೂ ಊಟ ತಪ್ಪಿಸಿರಲಿಲ್ಲ ಎಂದು ಹೇಳುವಾಗ ಮಾತ್ರ ಲೋಟದಕ್ಕನ ಸ್ವರ ಒಡೆಯಿತು. ಕೋಟಿನ ಉದ್ದ ತೋಳು ಕಣ್ಣೊರೆಸಲು ಅನುಕೂಲವಾಗಿತ್ತು.

ಶುಕ್ರವಾರ ನಾವು ಹೊರಡುವ ದಿನ. ಟಿಕೇಟಿಗೆ ನಿಂತಿದ್ದಾಗ ಸಾಲು ತಾನಾಗಿ ಪಕ್ಕಕ್ಕೆ ಸರಿಯಿತು. ದೊಡ್ಡಕ್ಕ ಬಿಸಿಲಿನಲ್ಲಿ ಅಷ್ಟೂ ದೂರ ನಡೆದು ಬಂದಿದ್ದರು. ಒಂದು ಕೈಯಲ್ಲಿ ಕ್ಯಾರಿಯರ್, ಇನ್ನೊಂದರಲ್ಲಿ ಮುಚ್ಚಿದ ತಂಬಿಗೆ. ಪಂಪು ಕಳಚಿಸಿ, ಉಪ್ಪು ಇಳಿಯಲೆಂದು ಬಾವಿಯನ್ನು ಮುಟ್ಟದೆ ಬಿಟ್ಟು, ಅಡಿಗೆಗೆ ಗುಡ್ಡದ ಬಾವಿಯಿಂದ ಕೈಗಾಡಿಯಲ್ಲಿ ನೀರು ತರಿಸುತ್ತಿದ್ದಾರೆಂಬ ಸುದ್ದಿ ಬೀದಿಯಲ್ಲಿ ಆಗಲೇ ಹಬ್ಬಿತ್ತು. ಆಕೆ ತಂಬಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಕ್ಯಾರಿಯರ್ ಕೈಯಲ್ಲೇ ಇತ್ತು.

"ನಮ್ಮ ಬಾವೀದೇ. ಬೆಳಿಗ್ಗೆ ಕೈಯಲ್ಲಿ ಸೇದಿದೆ. ಕುಡಿ."

ಲೋಟ ಜೇಬಿನಿಂದ ಹೊರಬಂತು. ಅವರು ಕುಡಿಯುತ್ತಿದ್ದಷ್ಟು ಹೊತ್ತೂ ಸಾಲಿನಲ್ಲಿದ್ದ ನಾವೆಲ್ಲ, ಲಾಂಚು ನಡೆಸುವವನು ಕೂಡ, ಆ ಲೋಟವನ್ನೇ ನೋಡುತ್ತಿದ್ದೆವು. ಖಾಲಿ ಮಾಡಿದ ಲೋಟವನ್ನು ಅವರು ಮತ್ತೆ ಅಕ್ಕನ ಮುಂದೆ ಚಾಚಿದರು.

"ಇನ್ನೊಂದು ಲೋಟ ಹಾಕಕ್ಕಾ."

ದೊಡ್ಡಕ್ಕ ಅಂಚಿನವರೆಗೆ ಹಾಕಿದರು. ಆಮೇಲೆ ಕ್ಯಾರಿಯರನ್ನು ಕಿಟಕಿಯೊಳಗೆ ತಳ್ಳಿ, ತಿರುಗಿ ನಡೆದರು. ಆಗಷ್ಟೇ ಲಾಂಚಿನಿಂದ ಇಳಿದು, ಊಟ ಎಲ್ಲಿ ಚೆನ್ನಾಗಿರುತ್ತದೆಂದು ಕಿಟಕಿಗೆ ಬಂದು ಕೇಳಿದವರ ಟಿಕೇಟಿನ ಬೆನ್ನಿಗೆ ಹನ್ನೊಂದು ಬಿತ್ತು.

ಇಂಥವರು ಮನೆಯಲ್ಲೊಬ್ಬರಿದ್ದರೆ ಮನೆಯವರಿಗೆ ಸುಖವಿಲ್ಲ. ತಮ್ಮವರೆಂದು ಒಂದು ಹನಿಯನ್ನೂ ಬಿಟ್ಟುಕೊಡದ ಅವರ ನಾಲಿಗೆ ಮೊದಲು ನೋಯಿಸುವುದು ತಮ್ಮವರನ್ನೇ. ಆದರೆ ಗುರುತಿಲ್ಲದ ಊರಿನಲ್ಲಿಳಿದು ಗುರುತಿಲ್ಲದ ಬಾವಿಯ ನೀರನ್ನು ನಾವು ನಿಶ್ಚಿಂತೆಯಿಂದ ಗಂಟಲಿಗಿಳಿಸುವುದು, ಎಲ್ಲೋ ಯಾರೋ ಒಬ್ಬರು ತಮ್ಮವರ ಕಣ್ಣೆದುರು ಲೋಟ ಬೋರಲು ಹಾಕಿರುತ್ತಾರೆಂಬ ನಂಬಿಕೆಯಿಂದ. ದೊಡ್ಡಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊಗಳುವುದಕ್ಕೆ ನನ್ನಂಥವರು ದಿನವೂ ಲಾಂಚು ತುಂಬ ಬಂದಿಳಿಯುತ್ತಿದ್ದರು. ಆಕೆ ತಂಬಿಗೆ ಹಿಡಿದು ಬಿಸಿಲಿನಲ್ಲಿ ನಡೆದು ಬಂದದ್ದು, ಉಪ್ಪನ್ನು ಉಪ್ಪೆಂದ ಆ ಒಂದು ನಾಲಿಗೆಯ ಬಳಿಗೆ.