ಆರು ಮಂದಿ ಎಡಚರು

ನನ್ನ ಕೈಗೆ ಯಾವ ಕೆಲಸವೂ ಹತ್ತುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಂದೋ ತೀರ್ಮಾನವಾಗಿ ಹೋಗಿತ್ತು. ರಂಗೋಲಿ ಸೊಟ್ಟ, ರೊಟ್ಟಿ ಹರಕು, ಸೂಜಿಗೆ ದಾರ ಪೋಣಿಸಲು ಅರ್ಧ ತಾಸು. ಇಪ್ಪತ್ತನಾಲ್ಕು ವರ್ಷ ಇದನ್ನೇ ಕೇಳಿಸಿಕೊಂಡು ನಾನೂ ಒಪ್ಪಿಕೊಂಡುಬಿಟ್ಟಿದ್ದೆ. ಅಂಥವಳು ೧೯೮೬ರಲ್ಲಿ ಬಿಲ್ಲುವಿದ್ಯೆ ಕಲಿಯಲು ಹೆಸರು ಕೊಟ್ಟದ್ದು ಬರೀ ಹಟಕ್ಕೆ. ಆಗ ನಾನು ಆಳಂದದ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಅಲ್ಲಿನ ಜೂನಿಯರ್ ವಕೀಲ ಜಯತೀರ್ಥ ತಾನು ಸೇರುತ್ತಿದ್ದೇನೆಂದು ಹೇಳಿ, "ಸುಲಭಾಬಾಯಿ, ನಿಮಗ ಇದು ಆಗೂದಲ್ಲ ಬಿಡ್ರಿ" ಎಂದ. ಅವತ್ತೇ ಸಂಜೆ ಹೋಗಿ ನನ್ನ ಹೆಸರನ್ನೂ ಬರೆಸಿ ಬಂದೆ.

ಕಲಿಯುವವರು ನಾವು ಆರು ಮಂದಿ, ಕಲಿಸುವವರು ಖಾದರಸಾಬರು. ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಮರಳಿದ್ದರು. ಅವರ ಬಿಲ್ಲು ಹಳೇ ಪದ್ಧತಿಯದು, ಗುರಿ ಹಿಡಿಯಲು ಯಾವ ಉಪಕರಣವೂ ಇಲ್ಲದ್ದು. ಕಟ್ಟಿಗೆಯದು, ತುದಿಗಳೆರಡೂ ಹೊರಕ್ಕೆ ಬಾಗಿದ್ದವು. ಅದಕ್ಕೆ ರಿಕರ್ವ್ ಎನ್ನುತ್ತಾರೆಂದು ಹೇಳಿದರು. ಪ್ರತಿಯೊಬ್ಬರಿಗೂ ಅಂಥದ್ದೇ ಒಂದೊಂದು ಪುಣೆಯಿಂದ ತರಿಸಬೇಕು, ಮೊದಲ ಬಿಲ್ಲು ಸರಿಯಾಗಿ ಆರಿಸದಿದ್ದರೆ ಕಲಿತದ್ದೆಲ್ಲ ಕೆಡುತ್ತದೆ ಎಂದರು. ಆರಿಸುವುದೆಂದರೆ ಎತ್ತರ, ತೋಳಿನ ಅಳತೆ, ಎಷ್ಟು ಪೌಂಡಿನ ಎಳೆತ, ಯಾವ ಕೈ. ಬಾಣ ಕೂರುವ ಮೆಟ್ಟನ್ನು ಬಿಲ್ಲಿನ ಒಂದೇ ಪಕ್ಕಕ್ಕೆ ಕೊರೆದಿರುತ್ತಾರಂತೆ. ನನ್ನ ತಲೆ ಗಿರ್ರೆಂದಿತು. ಜಯತೀರ್ಥ ನಲವತ್ತು ಪೌಂಡಿನದೇ ಬೇಕೆಂದು ಹಟ ಹಿಡಿದ. ಹವಾಲ್ದಾರರ ಮೂವತ್ತು ಪೌಂಡಿನ ಬಿಲ್ಲನ್ನು ಅರ್ಧ ಎಳೆಯುವಷ್ಟರಲ್ಲಿ ಅವನ ಕತ್ತಿನ ನರ ಉಬ್ಬಿದವು, ಸುಮ್ಮನೆ ಇಪ್ಪತ್ತಕ್ಕೆ ಇಳಿದ. ನನಗೆ ಹದಿನೆಂಟು ಸಾಕೆಂದರು. ಸಾಕೋ ಹೆಚ್ಚೋ ನನಗೇನು ಗೊತ್ತು, ಹೂಂ ಎಂದೆ.

ಕೈ ಯಾವುದೆಂದು ಅವರು ನಮ್ಮನ್ನು ಕೇಳಲೇ ಇಲ್ಲ. ತಮ್ಮ ಬಿಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಒಬ್ಬೊಬ್ಬರಿಗೂ ಕೊಟ್ಟರು, ನಾವು ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆವು, ಅವರು ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡರು. ಆರನೆಯವರದು ಮುಗಿದ ಮೇಲೆ ನಮ್ಮನ್ನೆಲ್ಲ ಒಮ್ಮೆ ವಿಚಿತ್ರವಾಗಿ ನೋಡಿದರು.

ತಿಂಗಳ ಮೇಲೆ ಸೊಲ್ಲಾಪುರದ ಬಸ್ಸಿನ ಟಾಪಿನಲ್ಲಿ ಬಿಲ್ಲುಗಳು ಬಂದವು. ಬಲಗೈಯಲ್ಲಿ ಹಿಡಿಯಿರಿ, ಎಡಗೈಯಿಂದ ಹೆದೆ ಎಳೆಯಿರಿ ಎಂದರು. ಎಳೆದೆವು. ಇಪ್ಪತ್ತು ಹೆಜ್ಜೆ ದೂರದಲ್ಲಿ ಹುಲ್ಲು ತುಂಬಿದ ಗೋಣಿಚೀಲ. ಜಯತೀರ್ಥನ ಬಾಣ ಪಕ್ಕದ ಜಾಲಿಗಿಡಕ್ಕೆ ಹೋಯಿತು. ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದ ಶಮಶಾದಳ ಬಾಣ ಅವಳ ಕಾಲ ಬುಡದಲ್ಲೇ ಬಿತ್ತು. ಉಳಿದವರದೂ ಅದೇ ಹಣೆಬರಹ. ನನ್ನದು ಚೀಲಕ್ಕೆ ನಾಟಿತು. ಏನೋ ತಪ್ಪಿ ಆಗಿರಬೇಕೆಂದು ಇನ್ನೊಂದು ಬಿಟ್ಟೆ. ಅದೂ ನಾಟಿತು. ಒಂದು ವಾರ ಹೀಗೇ ನಡೆಯಿತು. ನನಗೆ ಖುಷಿಗಿಂತ ಹೆಚ್ಚು ಗಾಬರಿಯಾಗಿತ್ತು. ನನ್ನ ಕೈಯಿಂದ ಇಂಥದ್ದು ಆಗುವುದು ನನಗೆ ಅಭ್ಯಾಸವಿರಲಿಲ್ಲ.

ಎಂಟನೆಯ ದಿನ ಶಮಶಾದ ಬಿಲ್ಲು ಕೆಳಗಿಳಿಸಿ ಕೇಳಿದಳು. "ಹವಾಲ್ದಾರ ಚಾಚಾ, ನೀವು ಎಡಗೈಲೆ ಹಿಡೀತೀರಿ, ನಮಗ್ಯಾಕ ಬಲಗೈಲೆ ಹಿಡಸ್ತೀರಿ?"

"ನಾ ಬಲಗೈಯವ. ಬಲಗೈಲೆ ಎಳೀತೇನಿ. ನೀವು ಆರೂ ಮಂದಿ ಎಡಚರದೀರಿ, ಅದಕ್ಕ ಎಡಚರ ಬಿಲ್ಲು ತರಿಸೇನಿ. ನನಗೂ ಆಶ್ಚರ್ಯ ಆಯ್ತು. ಆಳಂದದ ನೀರಿನ ಗುಣ ಇರಬೇಕು ಅಂದ್ಕೊಂಡೆ."

"ನಾವು ಎಡಚರಂತ ಯಾರು ಹೇಳಿದ್ರಿ?"

"ನೀವs ತೋರಿಸಿದ್ರಲ್ಲ. ಬಿಲ್ಲು ಕೊಟ್ರ ಬಲಗೈ ಮುಂದ ಮಾಡಿ ಹಿಡದ್ರಿ. ಬಿಲ್ಲು ಹಿಡಿಯೋ ಕೈ ಬಲ ಆದ್ರ ಎಳಿಯೋ ಕೈ ಎಡ."

"ಹಿರಿಯರು ಕೊಟ್ಟಿದ್ದನ್ನ ಎಡಗೈಲೆ ಹೆಂಗ ತಗೋಬೇಕ್ರಿ?"

ಖಾದರಸಾಬರು ಅಲ್ಲೇ ಕಲ್ಲಿನ ಮೇಲೆ ಕೂತರು. ಬಿಲ್ಲನ್ನು ನೆಲದ ಮೇಲಿಟ್ಟು, ಕಲಿಯುವವ ತಾನಾಗಿ ಯಾವ ಕೈಯಿಂದ ಎತ್ತುತ್ತಾನೆ ನೋಡು ಎಂದು ಅವರ ಮಿಲಿಟರಿ ಗುರು ಹೇಳಿಕೊಟ್ಟಿದ್ದರಂತೆ. ಆದರೆ ಜನ ತುಳಿದಾಡುವ ನೆಲದ ಮೇಲೆ ಬಿಲ್ಲಿಡಲು ಇವರಿಗೆ ಮನಸ್ಸು ಬರಲಿಲ್ಲ. ತಾವೇ ಕೈಯಲ್ಲಿ ಕೊಟ್ಟರು. ದೊಡ್ಡವರ ಕೈಯಿಂದ ಎಡಗೈ ಚಾಚಿ ತೆಗೆದುಕೊಳ್ಳುವ ಮನುಷ್ಯ ನಮ್ಮ ತಾಲೂಕಿನಲ್ಲಿ ಹುಟ್ಟಿರಲಿಕ್ಕಿಲ್ಲ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾದರಸಾಬರು ಫೋನ್ ಮಾಡಿ ಕೇಳಿದಾಗ ಪುಣೆಯವರು ಬದಲಿಸಿಕೊಡಲು ಒಪ್ಪಿದರು. ಭಾನುವಾರ ಎಲ್ಲ ಬಿಲ್ಲು ವಾಪಸು ಕಟ್ಟಬೇಕು. ನನಗೆ ನಗು ಬರಲಿಲ್ಲ.

"ನನ್ನದು ನನ್ನ ಕಡೆನೇ ಇರ್ಲಿರಿ" ಎಂದೆ.

"ಊಟ, ಬರವಣಿಗಿ ಯಾವ ಕೈಲೆ?"

"ಬಲಗೈಲೆರಿ."

"ಹಂಗಾದ್ರ ನೀವು ಬಲಗೈಯವರು. ಈಗ ನಾಟತದ, ನಾಳೆ ಕೈ ಕೆಡತದ. ತಪ್ಪು ಕೈಲೆ ಕಲಿಸಿದ ಪಾಪ ನನಗ ಬ್ಯಾಡ." ತಮ್ಮ ಮನೆಯಲ್ಲಿದ್ದ ಹಳೆಯ ಹಗುರ ಬಿಲ್ಲೊಂದನ್ನು ತಂದು ಎಡಗೈಯಲ್ಲಿ ಹಿಡಿಸಿದರು. ಬಲಗೈಯಿಂದ ಎಳೆದು ಹತ್ತು ಬಾಣ ಬಿಟ್ಟೆ. ಒಂದೂ ಚೀಲ ಮುಟ್ಟಲಿಲ್ಲ. ಅವರು ನನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದರು. "ಖರೇ ಹೇಳ್ರಿ ಬಾಯಿ, ನಿಮ್ಮ ಕೈ ಯಾವುದು? ಎಡಗೈ ಆದ್ರ ಬಿಲ್ಲು ನಿಮ್ಮದು. ಭಾನುವಾರದೊಳಗ ತಿಳಕೊಂಡು ಬರ್ರಿ."

ನನ್ನ ಕೈ ಯಾವುದೆಂದು ನಾನು ಯಾರನ್ನು ಕೇಳಲಿ? ಎರಡು ದಿನ ನನ್ನನ್ನೇ ಗಮನಿಸುತ್ತ ಕಳೆದೆ. ಬಾಗಿಲು ತೆರೆಯುವಾಗ ಕೈ ನೋಡಿಕೊಂಡರೆ ಎರಡೂ ಕೈ ತಡೆದು ನಿಲ್ಲುತ್ತಿದ್ದವು. ಟೈಪಿಂಗಿನಲ್ಲಂತೂ ಎರಡೂ ಬೇಕು, ಅಲ್ಲಿ ಏನೂ ತಿಳಿಯಲಿಲ್ಲ. ಮೊದಲ ಸಲ ನನ್ನ ಕೈ ಒಂದು ಕೆಲಸ ಕಲಿತಿತ್ತು, ಅದನ್ನೂ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಶನಿವಾರ ಮಧ್ಯಾಹ್ನ ಅವ್ವ, ಅಂದರೆ ಮಥುರಾಬಾಯಿ, ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. "ಅವ್ವ, ಸಣ್ಣಾಕಿ ಇದ್ದಾಗ ನಾ ಯಾವ ಕೈಲೆ ಉಣ್ತಿದ್ದೆ?" ಎಂದೆ.

"ಯಾವ ಕೈಲೆ ಅಂದ್ರ? ಎಲ್ಲಾರೂ ಉಣ್ಣೋ ಕೈಲೆ."

ಉತ್ತರ ತುಸು ಬೇಗನೇ ಬಂತು. ಬಿಡದೆ ಕೇಳಿದೆ, ಬಿಲ್ಲಿನ ಕತೆಯೆಲ್ಲ ಹೇಳಿದೆ. ಅವ್ವ ಸುಲಿಯುವುದನ್ನು ನಿಲ್ಲಿಸಿದಳು.

"ಎಡಗೈಲೆ" ಎಂದಳು. "ಎರಡು ವರ್ಷದಾಕಿ ಇದ್ದಿ. ತುತ್ತು, ಆಟದ ಸಾಮಾನು, ಬಳಪ, ಎಲ್ಲಾ ಎಡಗೈಲೆ. ನಾನs ಆ ಕೈ ನಿನ್ನ ಸೊಂಟಕ್ಕ ಕಟ್ಟಿಟ್ಟೆ. ಹಳೇ ಪತ್ತಲದ ಅಂಚಿನಿಂದ. ಒಂದೂವರೆ ವರ್ಷ."

ನನಗೆ ಏನೂ ನೆನಪಿರಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತು. ರಂಗೋಲಿ, ರೊಟ್ಟಿ, ಸೂಜಿ, ಬಂದವರ ಮುಂದೆಲ್ಲ "ಈಕಿ ಕೈಗೆ ಏನೂ ಹತ್ತೂದಿಲ್ಲ" ಎಂದದ್ದು ಇದೇ ಅವ್ವ.

"ಗೊತ್ತಿದ್ದೂ ಇಷ್ಟು ವರ್ಷ ನನಗs ಅಂದಿಯಲ್ಲ" ಎಂದೆ.

"ನಿಮ್ಮಜ್ಜಿ ತುಳಸಾಬಾಯಿ ಆ ಕೈಗೆ ಬರೆ ಹಾಕಲಿಕ್ಕೆ ಇಕ್ಕಳ ಕಾಸಿದ್ರು. ನಿಮ್ಮ ಸ್ವಾದರತ್ತಿಗೆ ಹಾಕಿದ್ರು, ಆಕಿ ಬೆರಳು ಇವತ್ತಿಗೂ ಮಡಚೂದಿಲ್ಲ. ನಾ ಕಟ್ಟತೇನಿ, ಸುಡಬ್ಯಾಡ್ರಿ ಅಂದೆ." ಮತ್ತೊಂದು ಕಾಯಿ ಕೈಗೆತ್ತಿಕೊಂಡು ಹೇಳಿದಳು, "ಬಿಚ್ಚಿದ ಮ್ಯಾಲೂ ನೀ ಆ ಕೈ ಬೆನ್ನ ಹಿಂದs ಇಟ್ಕೊಂಡು ಅಡ್ಡಾಡತಿದ್ದಿ."

ಅವಳ ಮೇಲೆ ಸಿಟ್ಟಾಗಬೇಕೋ, ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡದೆ ಎದ್ದು ಹೋದೆ.

ಭಾನುವಾರ ಬೆಳಿಗ್ಗೆ ನಾನು ಹೊರಟಾಗ ಅವ್ವನೂ ಚಪ್ಪಲಿ ಮೆಟ್ಟಿದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಯಲಿನಲ್ಲಿ ಐದು ಬಿಲ್ಲು ಗೋಣಿಯಲ್ಲಿ ಸುತ್ತಿ ಕಟ್ಟಿಟ್ಟಿದ್ದರು. ಆರನೆಯದಕ್ಕೆ ಜಾಗ ಬಿಟ್ಟಿದ್ದರು.

"ತಿಳೀತೇನ್ರಿ ಬಾಯಿ?" ಎಂದರು ಖಾದರಸಾಬರು.

ಜಯತೀರ್ಥ, ಶಮಶಾದ, ಎಲ್ಲರೂ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದಳು.

"ಈಕಿ ಬಿಲ್ಲು ಕಟ್ಟಬ್ಯಾಡ್ರಿ. ನನ್ನ ಮಗಳು ಎಡಚಿ. ಕೈ ಕಟ್ಟಿ ರೂಢಿ ಬಿಡಿಸಿದಾಕಿ ನಾನs. ಆಮ್ಯಾಲ ಕೈ ಹಾಳು ಅಂತ ಊರ ತುಂಬಾ ಹೇಳಿದಾಕೀನೂ ನಾನs."

ಇಪ್ಪತ್ತು ವರ್ಷ ಮನೆಯೊಳಗೆ ಮುಚ್ಚಿಟ್ಟದ್ದನ್ನು ಅವಳು ಹೊರಗಿನವರ ಮುಂದೆ ಸೆರಗು ಸರಿಮಾಡಿಕೊಳ್ಳುತ್ತ ಹೇಳಿಬಿಟ್ಟಳು. ಖಾದರಸಾಬರು ಗೋಣಿಯ ಬಾಯಿ ಹೊಲಿದು, ನನಗೆ ನಿಲ್ಲುವ ಗೆರೆ ತೋರಿಸಿದರು.

ನಾನು ಎಡಗೈಯಿಂದ ಹೆದೆ ಎಳೆದೆ. ಚೀಲ ಕಾಣಲಿಲ್ಲ, ಕಣ್ಣು ತುಂಬಿದ್ದವು. ಇಳಿಸಿ ಒರೆಸಿಕೊಂಡು ಮತ್ತೆ ಎಳೆದೆ. ಆಗಲೂ ಕಾಣಲಿಲ್ಲ.

"ಅವಸರ ಇಲ್ಲ" ಎಂದರು ಖಾದರಸಾಬರು.

ಅವ್ವ ಬಿಸಿಲಲ್ಲೇ ನಿಂತು ಕಾದಳು.