ರಜೆಗೆ ಬರುವ ನೆಗಡಿ

ಇದನ್ನು ಹೇಳಲು ನಿನಗೇನು ಅಧಿಕಾರ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆರೋಗ್ಯದ ವಿಷಯವನ್ನು ವೈದ್ಯರು ಹೇಳಬೇಕು. ನಾನು ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹಾಕುವವಳು. ವಿಜ್ಞಾನವೆಂದು ಕಲಿತದ್ದೇನಾದರೂ ಇದ್ದರೆ ಅದು ಸಂಜೆ ತರಗತಿಯಲ್ಲಿ, ಅದೂ ಅರ್ಧ ತೂಕಡಿಸುತ್ತ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ನಮ್ಮ ಭಾವನ ನೆಗಡಿಯ ಕಥೆಯನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ.

ಭಾವ, ಅಂದರೆ ನಮ್ಮಕ್ಕನ ಗಂಡ, ಅದೇ ಲಾಂಡ್ರಿಯಲ್ಲಿ ಹಬೆಯ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವರು. ನಾನಿರುವುದೂ ಅವರ ಮನೆಯಲ್ಲೇ. ಕಾರ್ಖಾನೆಗಳ ಸಮವಸ್ತ್ರ, ವಿದ್ಯಾರ್ಥಿನಿಲಯಗಳ ಹಾಸುಬಟ್ಟೆ ಎಲ್ಲವೂ ಅವರ ಕೈ ದಾಟಿಯೇ ಹೊರಗೆ ಹೋಗಬೇಕು. ಮಳೆಯಲ್ಲಿ ತೊಯ್ದು ಬಂದರೂ, ಸುತ್ತಲಿನವರೆಲ್ಲ ಜ್ವರವೆಂದು ಮಲಗಿದರೂ, ಭಾವ ಗುಂಡುಕಲ್ಲಿನ ಹಾಗೆ ಇರುತ್ತಾರೆ. ಆದರೆ ವರ್ಷದ ಕೊನೆಯ ಚಳಿಗಾಲದ ರಜೆಯಲ್ಲಿ ಬಾಯ್ಲರ್ ಆರಿಸಿ ಲಾಂಡ್ರಿಗೆ ಬೀಗ ಹಾಕಿದ್ದೇ ತಡ, ಅವರ ಮೂಗು ಸೋರಲು ಶುರು. ಆಮೇಲೆ ಕೆಮ್ಮು, ಕಂಬಳಿ, ಗಂಟಿಕ್ಕಿದ ಮುಖ. ರಜೆ ಮುಗಿದು ಲಾಂಡ್ರಿ ತೆರೆಯುವ ದಿನ ಏನೂ ಆಗದವರ ಹಾಗೆ ಎದ್ದು ಹೊರಡುತ್ತಾರೆ.

“ನೆಗಡಿಗೂ ಈ ರಜೆಗೂ ಮದುವೆಯಾಗಿದೆ ಕಣೇ, ನಾನು ಬರೀ ಬೀಗರ ಕಡೆಯವಳು,” ಎಂದು ಅಕ್ಕ ಪ್ರತಿವರ್ಷ ನಗುತ್ತಿದ್ದಳು.

ಈ ವರ್ಷ ನಗಲಿಲ್ಲ. ಅವಳ ಮಗಳಿಗೆ ಹೆರಿಗೆಯಾಗಿತ್ತು, ರೈಲಿನಲ್ಲಿ ಹೋಗಬೇಕಾದ ದೂರದ ಊರಿನಲ್ಲಿ. ಮಗು ಅವಧಿಗೆ ಮುಂಚೆ ಹುಟ್ಟಿತ್ತು. ಭಾವನಿಗೆ ಒಟ್ಟಿಗೆ ಹತ್ತು ದಿನ ಬಿಡುವು ಸಿಗುವುದು ಈ ರಜೆಯಲ್ಲಿ ಮಾತ್ರ. ಮಗಳು ಫೋನಿನಲ್ಲಿ ಹೇಳಿಬಿಟ್ಟಿದ್ದಳು: “ಬೇಜಾರು ಮಾಡ್ಕೋಬೇಡಪ್ಪ. ಒಂದು ಸಲ ಕೆಮ್ಮಿದ್ರೂ ನೀನು ಬರೋ ಹಾಗಿಲ್ಲ. ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳಿದಾರೆ.” ವಾರದ ಕೊನೆಗೆ ನಮ್ಮ ಮೂವರಿಗೂ ರೈಲು.

ಫೋನು ಇಟ್ಟ ಮೇಲೆ ಭಾವ ಬಚ್ಚಲಿಗೆ ಹೋಗಿ ಸುಮ್ಮನೆ ಕೈ ತೊಳೆದುಕೊಂಡರು.

ನಾನು, ಅಕ್ಕ ಅಡುಗೆಮನೆಯಲ್ಲಿ ಕೂತು ಯೋಚಿಸಿದೆವು. ಲಾಂಡ್ರಿಯಲ್ಲಿ ಇದ್ದು ಮನೆಯಲ್ಲಿ ಇಲ್ಲದ್ದು ಏನು? ಬಿಸಿಹಬೆ! ಮದುವೆಗೆ ಮುಂಚೆ ಅಕ್ಕನೂ ಅಲ್ಲೇ ಕೆಲಸ ಮಾಡಿದವಳು. ಒದ್ದೆ ಹಾಸುಬಟ್ಟೆ ತೂಗುಹಾಕಿದ ಕೋಣೆಗಿಂತ ಬೆಚ್ಚಗಿನ ಜಾಗ ಲಾಂಡ್ರಿಯಲ್ಲೇ ಇಲ್ಲ ಎಂಬುದು ನಮ್ಮಿಬ್ಬರ ಮೈಗೇ ಗೊತ್ತಿತ್ತು. ರಜೆಯ ಮೊದಲ ದಿನವೇ ಮನೆಯಲ್ಲಿದ್ದ ಹಾಸುಬಟ್ಟೆಗಳನ್ನೆಲ್ಲ ಒದ್ದೆ ಮಾಡಿ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಹರವಿ, ಕಿಟಕಿ ಬಾಗಿಲು ಮುಚ್ಚಿದೆವು.

“ಏನೇ ಇದು? ಮನೆಯೋ ಹಾಯಿಹಡಗೋ?” ಎಂದರು ಭಾವ, ಬಟ್ಟೆಯ ಮಧ್ಯದಿಂದ ತಲೆ ಹೊರಹಾಕಿ.

“ಪ್ರಶ್ನೆ ಕೇಳ್ಬೇಡಿ. ಸುಮ್ನೆ ಉಸಿರಾಡ್ರಿ,” ಎಂದಳು ಅಕ್ಕ. ಕುರ್ಚಿ ಹಾಕಿ ಕೂರಿಸಿ, ಕರಿದ ತಿಂಡಿಯ ತಟ್ಟೆಯೊಂದನ್ನು ಕೈಗಿಟ್ಟಳು. ರಜೆಯಲ್ಲಿ ಅವಳು ಗಂಡನಿಗೆ ಒಂದು ಲೋಟವನ್ನೂ ಎತ್ತಲು ಬಿಡುವುದಿಲ್ಲ. ವರ್ಷವೆಲ್ಲ ನಿಂತ ಕಾಲು, ಕೂರಲಿ ಪಾಪ ಎಂದು.

ಮರುದಿನ ಬೆಳಿಗ್ಗೆ ಮನೆ ಬಾವಿಯೊಳಗಿನ ಹಾಗೆ ತಣ್ಣಗಿತ್ತು. ಲಾಂಡ್ರಿಯಲ್ಲಿ ಆ ಬಟ್ಟೆಗಳ ಹಿಂದೆ ಬಾಯ್ಲರಿನ ಕೊಳವೆ ಹಾದುಹೋಗುತ್ತದೆ, ಬಿಸಿ ಅದರದ್ದು, ಬಟ್ಟೆಯದ್ದಲ್ಲ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಭಾವ ಎದ್ದು ಕೂತು ಸೀನಿದರು.

ಅಕ್ಕ ಒಲೆಯ ಕಡೆ ತಿರುಗಿ ನಿಂತಳು. “ಮೊಮ್ಮಗೂನ ನೋಡೋ ಯೋಗ ನಿಮಗಿಲ್ಲ ಬಿಡಿ,” ಎಂದಳು. ಒಲೆ ಒರೆಸತೊಡಗಿದಳು. ಭಾವ ಕಂಬಳಿ ಮಡಚಿಟ್ಟು, ಸ್ವೆಟರ್ ತೊಟ್ಟು, ಹೇಳದೆ ಕೇಳದೆ ಹೊರಗೆ ಹೋದರು.

ತಡೆಯಲಾರದೆ ನಾನೂ ಹಿಂದೆಯೇ ಹೊರಟೆ. ಅವರು ಹೋದದ್ದು ಬೀಗ ಹಾಕಿದ ಲಾಂಡ್ರಿಗೆ. ಅಲ್ಲಿ ವಾಚ್‌ಮನ್ ಒಬ್ಬನೇ ಇದ್ದ. ಯಂತ್ರಗಳಿಗೆ ಹೊದಿಸುವ ದೊಡ್ಡ ಮುಸುಕುಬಟ್ಟೆಗಳನ್ನು ಅಂಗಳದಲ್ಲಿ ಕೊಡವುತ್ತಿದ್ದ. ಭಾವ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದರು.

ನಮ್ಮ ಲಾಂಡ್ರಿಯಲ್ಲಿ ಒಂದು ರೂಢಿಯಿದೆ. ಬಟ್ಟೆ ಮಡಚುವ ಜೋಡಿಯಲ್ಲಿ ಒಬ್ಬರು ಒಗಟು ಹಾಕಬೇಕು. ತುದಿಗೆ ತುದಿ ಸೇರುವುದರೊಳಗೆ ಇನ್ನೊಬ್ಬರು ಬಿಡಿಸದಿದ್ದರೆ ಬಟ್ಟೆಯ ಗಂಟು ಹೊರುವುದು ಅವರ ಪಾಲು. ಯಂತ್ರದ ಸದ್ದಿನಲ್ಲಿ ಕೇಳಿಸಲೆಂದು ಕೂಗಿಯೇ ಹೇಳಬೇಕು. ಇವರಿಬ್ಬರು ಆ ನಿಶ್ಶಬ್ದ ಅಂಗಳದಲ್ಲೂ ಕೂಗುತ್ತಿದ್ದರು.

“ಹೊಟ್ಟೆ ತುಂಬ ಬೆಂಕಿ, ಹೋದಲ್ಲೆಲ್ಲ ಸುಕ್ಕೇ ಊಟ! ಹೇಳು ನೋಡೋಣ!” ವಾಚ್‌ಮನ್.

“ಇಸ್ತ್ರಿಪೆಟ್ಟಿಗೆ! ಹಳೇದನ್ನೇ ಒಗೆದು ತರ್ತೀಯಲ್ಲೋ, ನಾಚಿಕೆ ಇಲ್ವಾ?”

“ನಿನ್ನ ತಲೆಗೆ ಹೊಸದು ಹಿಡಿಯಲ್ಲ ಅಂತ ಹಳೇದು ಹೇಳಿದ್ದು!”

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಬಂದು, ಹಿಂದೆ ಸರಿದು, ಬಗ್ಗಿ, ಎದ್ದು, ಒಂದಾದ ಮೇಲೊಂದು ಬಟ್ಟೆ. ಮೂಗಿನ ತುದಿ ಕೆಂಪಗಿತ್ತು ನಿಜ, ಆದರೆ ನಾನು ಗೇಟಿನ ಹೊರಗೆ ಚಳಿಯಲ್ಲಿ ನಿಂತಷ್ಟು ಹೊತ್ತೂ ಅವರು ಸೀನಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಕೇಳಿಯೇಬಿಟ್ಟೆ. “ಭಾವ, ಮನೇಲಿ ಯಾಕೆ ಹೀಗೆ ಇರಲ್ಲ ನೀವು?”

“ಹಿಂಬಾಲಿಸ್ಕೊಂಡು ಬಂದ್ಯಾ, ಡಾಕ್ಟರಮ್ಮ?” ಎಂದರು. ಸಂಜೆ ತರಗತಿಗೆ ಸೇರಿದ ಮೇಲೆ ನನಗೆ ಅವರಿಟ್ಟ ಹೆಸರು ಅದು. “ಮನೇಲಿ ನನ್ನನ್ನ ಯಾರು ಬೈತಾರೆ ಹೇಳು? ರಜ ಬಂತು ಅಂದ್ರೆ ಕೂರಿ, ತಿನ್ನಿ, ಮಲಗಿ. ಇಷ್ಟೊಂದು ಉಪಚಾರ ಮಾಡಿದ್ರೆ ಕಾಯಿಲೆ ಬೀಳದೆ ಇನ್ನೇನು ಮಾಡ್ಲಿ? ನಂಗೂ ಸಂಕೋಚ ಆಗಲ್ವಾ?”

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಬೈಸ್ಕೋಬೇಕಿತ್ತಾ? ಮೊದಲೇ ಬಾಯಿ ಬಿಡಬಾರದಿತ್ತೇನ್ರೀ? ನನ್ನ ಹತ್ರ ವರ್ಷಗಟ್ಟಲೆ ದಾಸ್ತಾನಿದೆ! ಹಿಡೀರಿ ಆ ತುದಿ.”

ತೂಗುಹಾಕಿದ ಹಾಸುಬಟ್ಟೆಗಳೆಲ್ಲ ಇಳಿದವು. ಬಿಸಿಲಿಗೆ ಒಣಗಿಸಿ ತಂದು ಇಬ್ಬರೂ ಮಡಚತೊಡಗಿದರು.

“ಕೆಲಸದಲ್ಲಿ ಹುಲಿ, ಮನೇಲಿ ನೆನೆದ ಬೆಕ್ಕು. ಯಾರು?” ಎಂದು ಅಕ್ಕ ಕೂಗಿದಳು.

“ನಮ್ಮ ವಾಚ್‌ಮನ್!”

“ಸೋತ್ರಿ! ಗಂಟು ಹೊರ್ರಿ!”

ಪಕ್ಕದ ಮನೆಯಾಕೆ ಜಗಳವೆಂದುಕೊಂಡು ಬಾಗಿಲಿಗೆ ಬಂದವಳು ಒಳಗೆ ಬಂದು ಒಂದು ಒಗಟು ಹಾಕಿ ಹೋದಳು. ಅಂದಿನಿಂದ ಭಾವ ದಿನಾ ಬೆಳಿಗ್ಗೆ ಕೆಲಸದ ಹೊತ್ತಿಗೇ ಎದ್ದು ಲಾಂಡ್ರಿಯವರೆಗೆ ನಡೆದು ಬಂದರು. ಮಧ್ಯಾಹ್ನ ಕಿಟಕಿಗಳನ್ನು ತೆರೆದಿಟ್ಟೆವು. ಕರಿದ ತಿಂಡಿಯ ಡಬ್ಬ ಅಟ್ಟ ಸೇರಿ ರಾತ್ರಿಯ ಊಟ ಗಂಜಿಗೆ ಇಳಿಯಿತು. ಅದಕ್ಕೂ ಭಾವ ಬೈಸಿಕೊಂಡೇ ಕುಡಿದರು. ಸೀನು ಒಂದೆರಡು ಬಂತು, ನೆಗಡಿ ಕಟ್ಟಲಿಲ್ಲ. ರೈಲಿನ ದಿನ ಬಂದಾಗ ಭಾವನ ಗಂಟಲು ಶುಭ್ರವಾಗಿತ್ತು.

ನನಗೆ ಮಾತ್ರ ಹೋಗಲಾಗಲಿಲ್ಲ. ನೆಗಡಿ ನನ್ನನ್ನು ಹಿಡಿದಿತ್ತು. ಕಂಬಳಿಯೊಳಗೆ ಕೂತೇ, ಅಕ್ಕ ಅಲ್ಲಿಂದ ಮಾಡಿದ ಫೋನು ಎತ್ತಿದೆ. ಮಗಳು ಬಾಗಿಲಲ್ಲೇ ಅಪ್ಪನ ಎದೆಗೆ ಕಿವಿಯಿಟ್ಟು ಕೇಳಿದಳಂತೆ. ಆಮೇಲೆ ಕೈ ತೊಳೆಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಸಿ, ಮಗುವನ್ನು ತೋಳಿಗೆ ಕೊಟ್ಟಳಂತೆ.

“ಏನು ಮಾಡ್ತಿದಾರೆ ಈಗ?” ಎಂದೆ.

“ಏನೂ ಮಾಡ್ತಿಲ್ಲ ಕಣೇ. ಉಸಿರು ಬಿಡೋಕೂ ಹೆದರ್ಕೊಂಡು ನಿಂತಿದಾರೆ,” ಎಂದಳು ಅಕ್ಕ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಫೋನಿನಲ್ಲಿ ತಿಳಿಯಲಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ನಾವು ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಟ್ಟೆವು. ಭಾವನನ್ನು ಕಾಪಾಡಿದ್ದು ನಡಿಗೆಯೋ, ಗಂಜಿಯೋ, ತೆರೆದ ಕಿಟಕಿಯೋ, ಬೈಗುಳವೋ ನನಗೆ ಗೊತ್ತಿಲ್ಲ. ಈ ವರ್ಷ ಅವರಿಗೆ ನೆಗಡಿ ಬರುವುದೇ ಇರಲಿಲ್ಲವೋ ಏನೋ, ಅದೂ ಗೊತ್ತಿಲ್ಲ.